ಪರರ ಕೈಯಲ್ಲಿರುವ ಮುದಿಪ್ರಾಯ



ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ನಮ್ಮ ಕರ್ತನು ಪೇತ್ರನ ಮುದಿಪ್ರಾಯವನ್ನು ಕುರಿತು ಮಾತಾಡಿದನು. ಯೌವನದಲ್ಲಿ ತಾನೇ ಬಟ್ಟೆ ಉಟ್ಟು ಬೇಕಾದಲ್ಲಿಗೆ ಹೋಗುತ್ತಿದ್ದವನಿಗೆ ಪರರು ಉಡಿಸುವ ಕಾಲ ಬರುವದೆಂದು ತಿಳಿಸಿದನು. ಇದು ಪೇತ್ರನ ಮರಣದ ಸೂಚನೆಯೆಂದು ಸುವಾರ್ತಿಕನು ಅರ್ಥ ಹೇಳುತ್ತಾನೆ. ಆದರೂ ಹಾಸಿಗೆ ಹಿಡಿದ ನಮ್ಮ ಹಿರಿಯರು ಇದರಲ್ಲಿ ತಮ್ಮ ಪ್ರತಿದಿನದ ಸಂಗತಿಯನ್ನೇ ಕೇಳುತ್ತಾರೆ.

ನಮ್ಮ ಬೈಂದೂರು ಕುಂದಾಪುರದ ಸೀಮೆಯಿಂದ ಮಕ್ಕಳು ಹೊಟ್ಟೆಪಾಡಿಗಾಗಿ ಮುಂಬಯಿಗೂ ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋಗುವದು ಹೊಸದಲ್ಲ. ಹೆಂಚಿನ ಮನೆಯಲ್ಲಿ ಉಳಿದ ತಾಯಿಗೆ ಮೀಯಲು, ಉಡಲು, ಕಕ್ಕಸಿಗೆ ಹೋಗಲು ಪರರ ಕೈ ಬೇಕಾದಾಗ ಸಂಬಳಕ್ಕೆ ಹೋಂ ನರ್ಸನ್ನು ಇಡುತ್ತಾರೆ, ಇಲ್ಲವೆ ವೃದ್ಧಾಶ್ರಮಕ್ಕೆ ಸೇರಿಸುತ್ತಾರೆ. ಇದನ್ನು ಪಾಪವೆನ್ನುವವರ ಸಂಗಡ ನಾವು ಸೇರುವದಿಲ್ಲ. ಕರ್ತನು ಶಿಲುಬೆಯ ಮೇಲಿಂದ ತನ್ನ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಲಿಲ್ಲವೋ? ಆದರೆ ಯಾರ ಕೈಗೆ ಒಪ್ಪಿಸುತ್ತಾನೆಂಬದು ಆತನಿಗೆ ಗೊತ್ತಿತ್ತು. ಕೆಲವು ಮಕ್ಕಳಾದರೋ ತಿಂಗಳಿಗೆ ಎಷ್ಟೆಂದು ಕೇಳಿ, ನೆಲದ ಹೊಳಪನ್ನು ನೋಡಿ, ಬಿಟ್ಟುಹೋಗುತ್ತಾರೆ.

ಆರೈಕೆ ಹೇಗಿದೆಯೆಂದು ತಿಳಿಯಬೇಕಾದರೆ ಮುದುಕರ ಬೆನ್ನನ್ನೂ ಹಿಮ್ಮಡಿಯನ್ನೂ ನೋಡತಕ್ಕದ್ದು. ತಾವಾಗಿ ಹೊರಳಲಾರದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಎಲುಬಿನ ಮೇಲಿನ ಚರ್ಮಕ್ಕೆ ರಕ್ತ ಹರಿಯದೆ, ಬಣ್ಣ ಕೆಟ್ಟು ಹುಣ್ಣಾಗುವದು. ಒದ್ದೆ ಬಟ್ಟೆಯಲ್ಲಿ ಬಿಟ್ಟರೆ ಇನ್ನೂ ಬೇಗನೆ. ಹಂಡೆಯ ನೀರನ್ನು ಮೈಗೆ ಹೊಯ್ಯುವ ಮೊದಲು ಆರೈಕೆಯವರು ತಮ್ಮ ಮೊಣಕೈಯಿಂದ ಮುಟ್ಟಿ ನೋಡಬೇಕು. ಯಾಕಂದರೆ ಮುದಿಚರ್ಮವು ತೆಳುವು, ಸಕ್ಕರೆ ಕಾಯಿಲೆಯವರ ಪಾದಕ್ಕೆ ಸುಡುವದೇ ತಿಳಿಯದಿರಬಹುದು. ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿದೀತು. ಎಬ್ಬಿಸಿ ಕೂರಿಸಿ, ಒಂದು ಗುಟುಕು ನುಂಗಿದ ಮೇಲೆ ಮತ್ತೊಂದನ್ನು ಕೊಡತಕ್ಕದ್ದು. ಮಳೆಗಾಲದಲ್ಲಿ ಬಚ್ಚಲ ಕಲ್ಲು ಜಾರುವದನ್ನು ನಮ್ಮ ಸೀಮೆಯವರಿಗೆ ಹೇಳಬೇಕೇ? ಗೋಡೆಗೊಂದು ಹಿಡಿಕೆ ಇಡಲು ಎಷ್ಟು ಖರ್ಚಾದೀತು?

ಹುಣ್ಣಾದರೂ ಕಣ್ಣಿಗೆ ಕಾಣುವದು. ಎಪ್ಪತ್ತು ವರುಷ ಸೆರಗು ಜಾರದಂತೆ ಬಾಳಿದವಳ ಸೀರೆಯನ್ನು ಕೇಳದೆ ಬಿಚ್ಚುವದು, ಬಾಗಿಲು ತೆರೆದಿಟ್ಟು ಮೀಯಿಸುವದು, ಹಾಸಿಗೆ ಒದ್ದೆಯಾಯಿತೆಂದು ಗದರಿಸುವದು, ಇವು ಕಾಣುವದಿಲ್ಲ. ಆಕೆ ಹೇಳುವದೂ ಇಲ್ಲ. ಹೇಳಿದರೆ ನಾಳೆಯೂ ಅದೇ ಕೈ ಗಂಜಿ ಕೊಡಬೇಕಷ್ಟೆ. ಆದಕಾರಣ ಫೋನಿನಲ್ಲಿ “ಸುಖವಾಗಿದ್ದೇನೆ ಮಗಾ” ಎಂದು ತಾಯಿ ಹೇಳಿದ ಮಾತ್ರಕ್ಕೆ ಮಕ್ಕಳು ನಿಶ್ಚಿಂತರಾಗಿರಬಾರದು.

ಆರೈಕೆಗೆ ಬಂದವಳಿಗೂ ದೇಹವುಂಟು. ಹಗಲಿರುಳು ಒಬ್ಬಳಿಂದಲೇ ದುಡಿಸಿ, ನಿದ್ದೆಗೆ ಬಿಡದೆ, ಸಂಬಳವನ್ನು ತಡಮಾಡುವ ಮನೆಯವರು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವನ್ನು ಓದಲಿ. ದಣಿದ ಕೈಯಿಂದ ಮುದುಕರು ಜಾರಿ ಬೀಳುವದುಂಟು.

2007ರ ಕಾಯಿದೆಯ ಪ್ರಕಾರ ನೋಡಿಕೊಳ್ಳದ ಮಕ್ಕಳಿಂದ ತಾಯಿತಂದೆಗಳು ಜೀವನಾಂಶವನ್ನು ಕೇಳಬಹುದು. ಸಂಕಟದಲ್ಲಿರುವ ಹಿರಿಯರಿಗೆ 14567 ಎಂಬ ಸಹಾಯವಾಣಿಯೂ ಉಂಟು. ವೃದ್ಧಾಶ್ರಮಗಳನ್ನೂ ಮನೆಗೆ ಆರೈಕೆಯವರನ್ನು ಕಳುಹಿಸುವ ಸಂಸ್ಥೆಗಳನ್ನೂ ನೋಂದಾಯಿಸಿ, ಅವುಗಳಿಗೆ ಗುಣಮಟ್ಟವನ್ನು ಗೊತ್ತುಮಾಡಬೇಕೆಂಬ ತಿದ್ದುಪಡಿಯು 2019ರಲ್ಲಿ ಲೋಕಸಭೆಯ ಮುಂದೆ ಬಂದಿತ್ತು. 2024ರಲ್ಲಿ ಆ ಲೋಕಸಭೆಯು ಮುಗಿಯಲು ಅದೂ ಬಿದ್ದುಹೋಯಿತು. ಹೀಗಿರಲಾಗಿ ನೋಡುವ ಕಣ್ಣು ಸಭೆಯವರದಾಗಿರಬೇಕು.

ಭಾನುವಾರ ತಿಳಿಸಿ ಹೋಗಿ, ಪ್ರಾರ್ಥಿಸಿ, ಹಣ್ಣು ಕೊಟ್ಟು ಬರುವದರಿಂದ ಏನೂ ತಿಳಿಯದು. ವಾರದ ನಡುವೆ, ಊಟದ ಹೊತ್ತಿನಲ್ಲಿ, ಮುಂಚಿತವಾಗಿ ಹೇಳದೆ ಹೋಗಿರಿ. ಅಜ್ಜಿಯ ಬಳಿ ನಮ್ಮ ಸಹೋದರಿಯೊಬ್ಬಳು ಒಬ್ಬಳೇ ಕೂತು, ಬೇರೆಯವರು ಕೇಳದಂತೆ ಮಾತಾಡಲಿ. ಕರ್ತನು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತನ್ನ ಕೈಯಾರೆ ತೊಳೆದನಲ್ಲವೇ. ಹೊದಿಕೆ ಸರಿಸಬಹುದೋ ಎಂದು ಕೇಳಿ ಅಜ್ಜಿಯ ಪಾದಗಳನ್ನು ನೋಡಲಿ. ಉಗುರು ಬೆಳೆದು ಬೆರಳಿಗೆ ಚುಚ್ಚುತ್ತಿದ್ದರೆ, ಎಷ್ಟು ದಿನದಿಂದ ಹೀಗಿದೆಯೆಂದು ವಿಚಾರಿಸಲಿ.