ಹರಕೆಯ ಕರುಳು

ಕೋಲಾರಮ್ಮನ ಗುಡಿಯ ಚೇಳಮ್ಮನಿಗೆ ಕಾಣಿಕೆ ಹಾಕಿದವರಿಗೆ ಚೇಳಿನ ಭಯವಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಕಣ್ಣು ಬೇನೆಗೆ ಬೆಳ್ಳಿ ಕಣ್ಣು, ಕಾಲು ನೋವಿಗೆ ಬೆಳ್ಳಿ ಕಾಲು ಹರಕೆ ಹೊರುವುದೂ ಉಂಟು. ಬೆಳ್ಳಿ ಕರುಳನ್ನು ಮಾತ್ರ ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಕರುಳಿನ ಕಾಯಿಲೆಯನ್ನು ದೇವರ ಮುಂದೆ ಹೇಳಿಕೊಳ್ಳುವುದಕ್ಕೂ ನಾಚಿಕೆಯೇನೋ! ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ಮಲದ ಜೊತೆ ರಕ್ತ ಕಂಡರೆ ಮನೆಯವರಿಗೂ ಹೇಳದೆ ‘ಮೂಲವ್ಯಾಧಿ ಚಿಕಿತ್ಸೆ’ ಎಂಬ ಬೋರ್ಡು ಹುಡುಕಿಕೊಂಡು ಹೋಗುವವರೇ ಹೆಚ್ಚು. ಅದು ದೊಡ್ಡ ಕರುಳಿನ ಕ್ಯಾನ್ಸರ್ ಎಂಬ ಮಾತು ಟಮಕದ ಜಾಲಪ್ಪ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಕಿವಿಗೆ ಬೀಳುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತವೆ.

ಅಂಗಡಿಯಲ್ಲಿ ಸಿಗದ ಆ ಹರಕೆಯ ಕರುಳು ಈಗ ಪ್ರಯೋಗಾಲಯದಲ್ಲಿ ಬೆಳೆಯುತ್ತಿದೆ, ಜೀವಂತವಾಗಿ. ಆರ್ಗನಾಯ್ಡ್ ಎನ್ನುತ್ತಾರೆ. 2009ರಲ್ಲಿ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ, ಹ್ಯಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದ ತೋಶಿರೊ ಸಾಟೊ ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶವನ್ನು ಜೆಲ್ಲಿನ ಹನಿಯೊಳಗಿಟ್ಟು ಸಾಕಿದರು. ಅದು ಎರಡಾಗಿ, ನಾಲ್ಕಾಗಿ, ನಡುವೆ ಟೊಳ್ಳು ಬಿಟ್ಟುಕೊಂಡು, ಸುತ್ತ ಮೊಗ್ಗು ಚಾಚಿ ಕರುಳಿನ ಒಳಪದರವನ್ನೇ ಕಟ್ಟಿತು. ಹೀರುವ ಕೋಶ ಎಲ್ಲಿರಬೇಕು, ಲೋಳೆ ಸುರಿಸುವ ಕೋಶ ಎಲ್ಲಿರಬೇಕು ಎಂದು ಹೇಳಿಕೊಡಲು ಅಕ್ಕಪಕ್ಕದಲ್ಲಿ ದೇಹವೇ ಇರಲಿಲ್ಲ. ಇದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಆರಿಲ್ಲ. 2011ರಲ್ಲಿ ಮನುಷ್ಯನ ಕರುಳೂ ಅದರ ಕ್ಯಾನ್ಸರೂ ಹೀಗೆಯೇ ಬೆಳೆದವು. 2015ಕ್ಕೆ 20 ರೋಗಿಗಳ ಗಡ್ಡೆಗಳ ಜೀವಂತ ಭಂಡಾರವೇ ಸಿದ್ಧವಾಯಿತು.

ಔಷಧಿಯನ್ನು ರೋಗಿಗಿಂತ ಮೊದಲು ಈ ಆರ್ಗನಾಯ್ಡ್ ಉಂಡೆಗಳಿಗೆ ಕೊಟ್ಟು ನೋಡುವುದು ಉಪಾಯ. ಒಂದು ಹನಿಯೊಳಗೆ ಯಾರು ಯಾರು ಸೇರುತ್ತಾರೆ ನೋಡಿ. ಜೆಲ್ಲು ಇಲಿಯ ಗಡ್ಡೆಯೊಂದರಿಂದ ತೆಗೆದದ್ದು. ತಂಪಿನಲ್ಲಿ ನೀರು, ಮೈಬಿಸಿಗೆ ಗಟ್ಟಿ. ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಯ ಮೂಲ ಚೀನಾದ ಮರವೊಂದರ ವಿಷ. ನಮ್ಮ ಪಶ್ಚಿಮಘಟ್ಟದ ಒಂದು ಮರದಲ್ಲೂ ಅದಿದೆ. ಕೋಶ ಬದುಕಿದೆಯೋ ಸತ್ತಿದೆಯೋ ಎಂದು ತಿಳಿಯಲು ಬೆರೆಸುವುದು ಮಿಂಚುಹುಳದ ಕಿಣ್ವ. ಜೀವಕೋಶದ ಶಕ್ತಿ ಉಳಿದಿದ್ದರೆ ಹನಿ ಮಿನುಗುತ್ತದೆ. ಮಿನುಗು ಕುಂದಿದಷ್ಟೂ ಔಷಧಿ ಗೆದ್ದಿದೆ ಎಂದು ಲೆಕ್ಕ. 1965ರಲ್ಲಿ ಕೆಜಿಎಫ್ ಗಣಿಯ ಆಳದಲ್ಲಿ ಮಿನುಗುವ ಕೊಳವೆಗಳನ್ನು ಜೋಡಿಸಿ ಕಣ್ಣಿಗೆ ಕಾಣದ ನ್ಯೂಟ್ರಿನೊದ ಸುಳಿವು ಹಿಡಿದ ಸೀಮೆಯವರಿಗೆ ಈ ಯುಕ್ತಿ ತೀರಾ ಅಪರಿಚಿತವೇನಲ್ಲ.

ಆದರೆ ಹನಿ ಹೇಳಿದ್ದೆಲ್ಲ ಮೈಯಲ್ಲಿ ನಡೆಯುವುದಿಲ್ಲ. 2019ರಲ್ಲಿ ಡಚ್ ವೈದ್ಯರು ಹೋಲಿಸಿ ನೋಡಿದಾಗ ಇರಿನೊಟೆಕಾನ್ ವಿಷಯದಲ್ಲಿ ಉಂಡೆಯ ಉತ್ತರಕ್ಕೂ ರೋಗಿಯ ಸ್ಥಿತಿಗೂ ತಾಳೆಯಾಯಿತು. ಫ್ಲೋರೊಯುರಾಸಿಲ್, ಆಕ್ಸಾಲಿಪ್ಲಾಟಿನ್ ಎಂಬ ಔಷಧಿಗಳನ್ನು ಜೊತೆಯಾಗಿ ಕೊಟ್ಟ ಕಡೆ ತಾಳೆಯಾಗಲಿಲ್ಲ. ಉಂಡೆಗೆ ರಕ್ತನಾಳವಿಲ್ಲ, ರೋಗದ ಜೊತೆ ಕಾದಾಡುವ ಬಿಳಿ ರಕ್ತಕಣಗಳಿಲ್ಲ, ಔಷಧಿಯನ್ನು ಅರಗಿಸುವ ಪಿತ್ತಜನಕಾಂಗವಿಲ್ಲ. ವಾಂತಿಯಿಲ್ಲ, ಊಟ ಸೇರದಿರುವುದಿಲ್ಲ, ಕೀಮೋಗೆಂದು ಮಾಲೂರಿನಿಂದ ಬೆಳಗಿನ ರೈಲು ಹತ್ತುವ ಸುಸ್ತೂ ಇಲ್ಲ. ಬೆಳೆಯಲು ವಾರಗಟ್ಟಲೆ ಬೇಕು, ಕೆಲವರದು ಬೆಳೆಯುವುದೇ ಇಲ್ಲ. ಹಾಗಾಗಿ ಇನ್ನೂ ಇದು ರಕ್ತಪರೀಕ್ಷೆಯ ಹಾಗೆ ಚೀಟಿ ಬರೆದುಕೊಡುವ ಪರೀಕ್ಷೆಯಾಗಿಲ್ಲ. ನಾಳೆಯೇ ಆದೀತು ಎನ್ನುವವರ ಮಾತನ್ನು ನಾನು ನಂಬುವುದೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟರೆ ಈ ಉಂಡೆಗಳನ್ನು ವರ್ಷಗಳ ಮೇಲೆ ಎಬ್ಬಿಸಿ ಮತ್ತೆ ಬೆಳೆಸಬಹುದು. ರೋಗಿ ತೀರಿಕೊಂಡ ಮೇಲೂ ಅವರ ಕರುಳಿನ ಚೂರು, ಅವರ ಕಾಲಕ್ಕೆ ಇಲ್ಲದಿದ್ದ ಔಷಧಿಯನ್ನು ಇನ್ಯಾರದೋ ಸಲುವಾಗಿ ಕುಡಿದು ನೋಡುತ್ತಿರುತ್ತದೆ. ನನ್ನ ಮುಂದೆ ಅಂಥ ಒಪ್ಪಿಗೆ ಪತ್ರ ಬಂದರೆ ಸಹಿ ಹಾಕುತ್ತೇನೆ. ಒಂದೇ ಕರಾರು: ಬೆಳೆದ ಮೇಲೆ ನನಗೂ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕು.