ಅನ್ನಪಾನನಿರೋಧ

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಕಟ್ಟಿದ ದನಕ್ಕೆ ಹೊತ್ತಿಗೆ ಸರಿಯಾಗಿ ಮೇವು-ನೀರು ಕೊಡದಿರುವುದೆಂದು ಇದರ ರೂಢಿಯ ಅರ್ಥ. ಮೇವು ಮುಂದಿದ್ದೂ ತಿನ್ನಲಾಗದಂತೆ ಮಾಡಿದರೆ ಅದೇನು?

ಚತುರ್ದಶಿಯ ಉಪವಾಸಕ್ಕೆ ಮರುದಿನ ಪಾರಣೆ. ವಿಜಯಪುರದ ಪೇಟೆಯಿಂದ ಇಟ್ಟಂಗಿಹಾಳದ ಮನೆಗೆ ಹಣ್ಣು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಸಿಪ್ಪೆ ಅದೇ ಚೀಲದಲ್ಲಿ ಗಂಟಾಗಿ ತಿಪ್ಪೆ ಸೇರುತ್ತದೆ. ಗಂಟು ಬಿಚ್ಚಲು ಆಕಳಿಗೆ ಕೈಗಳಿಲ್ಲ, ಚೀಲಸಹಿತ ನುಂಗುತ್ತದೆ. ಅದರ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಮೊದಲನೆಯದರಲ್ಲಿಯೇ ಈ ವಸ್ತು ನಿಲ್ಲುತ್ತದೆ. ಕರಗದು, ಮುಂದೆ ಸಾಗದು, ಸೇರುತ್ತ ಸೇರುತ್ತ ಉಂಡೆಗಟ್ಟುತ್ತದೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಮುಂದಿಟ್ಟ ಮೇವೂ ಬೇಡವಾಗುತ್ತದೆ. ಬಹುಮಟ್ಟಿಗೆ ಹೊಟ್ಟೆ ಕೊಯ್ದು ತೆಗೆಯುವುದೇ ಉಪಾಯ. ಗೃಹಸ್ಥನು ಸ್ವೇಚ್ಛೆಯಿಂದ ಒಂದು ದಿನ ಅನ್ನ ಬಿಟ್ಟನು. ಆ ಮೂಕಪ್ರಾಣಿಗೆ ಸಂಕಲ್ಪವೂ ಇಲ್ಲದ, ಪಾರಣೆಯೂ ಇಲ್ಲದ ಉಪವಾಸ ಒದಗಿತು.

ಕೊಲ್ಲುವ ಭಾವವಿರಲಿಲ್ಲವಲ್ಲ ಎಂದು ಶ್ರಾವಕರು ಕೇಳಬಹುದು. ಪ್ರಶ್ನೆ ಹಗುರವಲ್ಲ, ನಮ್ಮಲ್ಲಿ ಭಾವಕ್ಕೇ ಪ್ರಾಧಾನ್ಯ. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಹಿಡಿದದ್ದು ದ್ವೇಷವನ್ನಲ್ಲ, ಪ್ರಮಾದವನ್ನು. ಮುನಿಗಳು ಕಮಂಡಲುವನ್ನಿಡುವ ಮೊದಲು ಪಿಂಛಿಯಿಂದ ನೆಲವನ್ನು ಸವರುತ್ತಾರೆ. ಅದನ್ನು ಕಂಡು ಕೈಮುಗಿದವನಿಗೆ, ಎಸೆದ ವಸ್ತು ಎಲ್ಲಿ ಬಿದ್ದಿತೆಂದು ತಿಳಿಯದೆನ್ನುವ ಅವಕಾಶವಿಲ್ಲ.

ಕರ್ನಾಟಕ ಸರ್ಕಾರವು 2016ರ ಮಾರ್ಚಿನಲ್ಲಿಯೇ ಈ ಚೀಲಗಳನ್ನು ನಿಷೇಧಿಸಿತು. ಆದರೂ ಅಂಗಡಿಕಾರನು ಮರೆಯಲ್ಲಿ ಕೊಟ್ಟರೆ ಅದು ಅವನ ಲೆಕ್ಕ. ಕೈಯೊಡ್ಡುವುದು ನಮ್ಮ ಲೆಕ್ಕ. (ಅಂಗಡಿ ನಡೆಸುವ ಶ್ರಾವಕರಿಗೆ ಎರಡೂ ಸೇರುತ್ತವೆ.) ಉಪವಾಸದ ನಿಯಮ ಸ್ವೀಕರಿಸುವಾಗ ಈ ಚೀಲದ ತ್ಯಾಗವನ್ನೂ ಕೂಡಿಸಬಹುದು, ಮೊದಲು ದಶಲಕ್ಷಣ ಪರ್ವದ ಹತ್ತು ದಿನಕ್ಕೆ, ಬಳಿಕ ಚಾತುರ್ಮಾಸಕ್ಕೆ. ಹಳೆಯ ಧೋತರವೊಂದರಲ್ಲಿ ಮೂರು-ನಾಲ್ಕು ಕೈಚೀಲಗಳು ಆಗುತ್ತವೆ.