ಇಂದಿನ ಧಮ್ಮ ಚಿಂತನೆ: ನೆಲ ಬಿಡುವ ಹೊತ್ತಿನ ಭಾರ



ಹೋದ ವಾರ ತಿ. ನರಸೀಪುರದ ಕಡೆ ಭತ್ತದ ಬಯಲಿನಲ್ಲಿ ನಮ್ಮ ಬಳಗದ ಹುಡುಗನೊಬ್ಬನ ಡ್ರೋನ್ ಬಿತ್ತು. ಔಷಧಿ ಹೊಡೆಯುವ ಡ್ರೋನ್, 10 ಲೀಟರ್ ಟ್ಯಾಂಕಿನದು, ಸಾಲ ಮಾಡಿ ತಂದದ್ದು. ಸುಡು ಮಧ್ಯಾಹ್ನ ಟ್ಯಾಂಕ್ ಭರ್ತಿ ಮಾಡಿ ಬದುವಿನಿಂದ ಎಬ್ಬಿಸಿದ್ದಾನೆ. ಒಂದು ಬದಿಯ ಕಾಲು ಕೆಸರಿಗೆ ಕಚ್ಚಿಕೊಂಡಿತ್ತು. ಇನ್ನೊಂದು ಬದಿ ಎದ್ದಿತು, ಇದು ಏಳಲಿಲ್ಲ, ಮಗುಚಿ ರೆಕ್ಕೆ ಮುರಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಸಂಜೆ ನಂಜನಗೂಡಿನ ನಮ್ಮ ಮನೆಗೆ ಬಂದು ಹೇಳಿದ: "ಏಳುವಾಗಲೇ ವಾಲ್ತಿತ್ತು ಕಣಣ್ಣ. ಇಳಿಸಿ ಅರ್ಧ ಔಷಧಿ ತೆಗೀಬೇಕಿತ್ತು. ದುಡ್ಡು ಕೊಟ್ಟು ತಂದು ಕಲಸಿದ್ದು, ಹಾಳಾಯ್ತದಲ್ಲ ಅಂತ ಇನ್ನೂ ಜೋರು ಕೊಟ್ಟೆ."

ಅವನಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಆ ರಾತ್ರಿ ಔಷಧಿ ಹೊಡೆಯುವ ವಿಮಾನಗಳ ಬಗ್ಗೆ ಓದುತ್ತಾ ಕುಳಿತೆ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ 'ಬಸಂತ್' ಎಂಬ ಒಂಟಿ ಸೀಟಿನ ಕೃಷಿ ವಿಮಾನ ತಯಾರಾಗಿತ್ತು. ಅದರ ಸುಧಾರಿತ ಮಾದರಿ 1972ರಲ್ಲಿ ಹಾರಿತು, 400 ಅಶ್ವಶಕ್ತಿಯ ಎಂಜಿನ್. ಇಂಥ ವಿಮಾನಗಳಿಗೆ ದೊಡ್ಡ ಅಪಾಯಗಳಲ್ಲೊಂದು ನೆಲ ಬಿಡುವ ಗಳಿಗೆ. ಔಷಧಿ ತೊಟ್ಟಿ ತುಂಬಿರುತ್ತದೆ, ಇಂಧನವೂ ತುಂಬಿರುತ್ತದೆ, ವೇಗ ಇನ್ನೂ ಬಂದಿರುವುದಿಲ್ಲ, ತಪ್ಪಿದರೆ ಸರಿಪಡಿಸಿಕೊಳ್ಳಲು ಕೆಳಗೆ ಎತ್ತರವೇ ಇಲ್ಲ. ನಾವು ನಂಜನಗೂಡು ರಸ್ತೆಯಲ್ಲಿ ದಿನಾ ನೋಡುವ ಮಂಡಕಳ್ಳಿ ನಿಲ್ದಾಣದಂಥ ಡಾಂಬರು ರನ್‌ವೇ ಅವಕ್ಕೆ ಎಷ್ಟೋ ಸಲ ಸಿಗುವುದಿಲ್ಲ. ಹೊಲದ ಪಕ್ಕದ ಮಣ್ಣಿನ ಪಟ್ಟಿಯಿಂದಲೇ ಏಳಬೇಕು. ಮಣ್ಣು ಮೆತ್ತಗಿದ್ದರೆ ಚಕ್ರ ಎಳೆಯುತ್ತದೆ. ಬಿಸಿಲೇರಿದರೆ ಗಾಳಿ ತೆಳುವಾಗಿ ರೆಕ್ಕೆಗೆ ಆಸರೆ ಕಡಿಮೆ. ಗಾಳಿ ಬೆನ್ನಿಗೆ ಬಂದರೆ ಇನ್ನಷ್ಟು ದೂರ ಓಡಬೇಕು. ಬೆಳಿಗ್ಗೆ ಎದ್ದ ಅದೇ ಭಾರ ಮಧ್ಯಾಹ್ನ ಏಳದೇ ಹೋಗಬಹುದು.

ಅದಕ್ಕೇ ಪೈಲಟ್‌ನ ಕೈಗೆಟುಕುವಂತೆ ಒಂದು ಹಿಡಿಕೆ ಇಟ್ಟಿರುತ್ತಾರೆ. ಎಳೆದರೆ ತೊಟ್ಟಿಯ ಬಾಗಿಲು ತೆರೆದು ಕೆಲವೇ ಸೆಕೆಂಡಿನಲ್ಲಿ ಔಷಧಿಯೆಲ್ಲ ಸುರಿದುಹೋಗಿ ವಿಮಾನ ಹಗುರಾಗುತ್ತದೆ. ಆದರೂ ಹಿಡಿಕೆ ಎಳೆಯದೆ, ಇಲ್ಲವೇ ತಡವಾಗಿ ಎಳೆದು, ಬೇಲಿಗೋ ಮರಕ್ಕೋ ಬಡಿದವರಿದ್ದಾರೆ. ಹಿಡಿಕೆ ಪಕ್ಕದಲ್ಲೇ ಇತ್ತು!

ಸಂಯುತ್ತ ನಿಕಾಯದಲ್ಲಿ ಭಾರ ಸುತ್ತ ಎಂಬ ಪುಟ್ಟ ಸುತ್ತವಿದೆ. ಭಾರ ಯಾವುದು, ಹೊರುವವನು ಯಾರು, ಹೊತ್ತುಕೊಳ್ಳುವುದು ಹೇಗೆ, ಇಳಿಸುವುದು ಹೇಗೆ ಎಂದು ಭಗವಾನರು ಅಲ್ಲಿ ಬಿಡಿಸಿ ಹೇಳುತ್ತಾರೆ. ಹೊತ್ತುಕೊಳ್ಳುವುದು ತಣ್ಹೆಯಿಂದ, ಅಂದರೆ ಆಸೆಯಿಂದ. ಆ ತಣ್ಹೆಯನ್ನು ಬಿಡುವುದೇ ಇಳಿಸುವುದು. ಇದನ್ನು ಬಳಗದಲ್ಲಿ ನಾನೇ ಎರಡು ಸಲ ವಿವರಿಸಿದ್ದೇನೆ, ಚಪ್ಪಾಳೆಯೂ ಬಿತ್ತು.

ಈಗ ನನ್ನ ವಿಷಯ. ದೊಡ್ಡ ಮಗಳ ಮದುವೆ ಬುದ್ಧವಂದನೆಯಲ್ಲಿ ಸರಳವಾಗಿ ಎಂದು ಎಲ್ಲರಿಗೂ ಸಾರಿದ್ದೆ. ಬೀಗರ ಕಡೆಯವರು "ಜನ ಏನಂದಾರು" ಎಂದರು. ಒಂದು ಛತ್ರಕ್ಕೆ 20,000 ಮುಂಗಡ ಕೊಟ್ಟೆ. ಆಮೇಲೆ ಹೆಂಡತಿ, "ಬೇಡ ಕಣ್ರೀ, ಈಗಲೇ ಬಿಟ್ಬಿಡಿ" ಎಂದಳು. ಕೊಟ್ಟ ಮುಂಗಡ ಹೋಗುತ್ತದಲ್ಲ ಎಂದೆ! ಆ 20,000 ಉಳಿಸಿಕೊಳ್ಳಲು ಹೋಗಿ ಮೂರು ಲಕ್ಷ ಸಾಲವಾಯಿತು. ಪುರೋಹಿತರೂ ಬಂದರು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳನ್ನು ನಾನೂ ಕೈಮುಗಿದು ಹೇಳಿದವನು. ಅವತ್ತು ಮಂಟಪದಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಸಂಘದ ಹೆಣ್ಣುಮಕ್ಕಳು ಬಡ್ಡಿಗೆ ಕೊಟ್ಟ ದುಡ್ಡನ್ನು ನನ್ನ ಹೆಂಡತಿ ಇನ್ನೂ ವಾರವಾರ ಕಟ್ಟುತ್ತಿದ್ದಾಳೆ.

ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಚಿಕ್ಕವಳ ಮದ್ವೆ ಎಲ್ಲಿ ಮಾಡ್ತೀರಣ್ಣ?" ಎಂದ.

ಭಾನುವಾರ ಮಾತುಕತೆಗೆ ಗಂಡಿನ ಕಡೆಯವರು ಬರುತ್ತಾರೆ. ಬೀದಿಯ ಅಂಬೇಡ್ಕರ್ ಭವನ ಕೇಳಿಟ್ಟಿದ್ದೇನೆ. ಛತ್ರದವರ ಫೋನ್ ಎರಡು ಸಲ ಬಂತು, ಎತ್ತಿಲ್ಲ.